ಡಬ್ಬಿಯ ಹಿಂಬದಿ

ಕಳೆದ ಶನಿವಾರ ಮಧ್ಯಾಹ್ನ ಒಬ್ಬರು ಎರಡು ಎಂಜಿನ್ ಆಯಿಲ್ ಡಬ್ಬಿಗಳನ್ನು ನನ್ನ ತೊಡೆಯ ಮೇಲಿಟ್ಟು, “ಓದ್ರಿ” ಅಂದರು.

ಒಂದು ಬಂಗಾರದ ಬಣ್ಣದ್ದು. ಇನ್ನೊಂದು ನೀಲಿ. ನಾನು ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಹಿಂದೆ ಹನ್ನೆರಡು ಜನ. (ಹದಿಮೂರು ಅನ್ನಿ. ಒಂದು ಕೂಸು ಯಾರ ಲೆಕ್ಕಕ್ಕೂ ಸೇರಿರಲಿಲ್ಲ.) ಜೀಪು ತುಂಬಿ ಹತ್ತು ನಿಮಿಷವಾಗಿತ್ತು. ಆದರೂ ಹೊರಟಿರಲಿಲ್ಲ. ನಮ್ಮ ಕಡೆ ಜೀಪುಗಳು ತುಂಬಿದ ಮೇಲೆ ಇನ್ನಿಬ್ಬರಿಗಾಗಿ ಕಾಯುತ್ತವೆ, ಅದು ನಿಮಗೆ ಗೊತ್ತಿದ್ದದ್ದೇ.

ಡಬ್ಬಿ ಇಟ್ಟವರು ಜೀಪಿನ ಮಾಲೀಕರು. ಡ್ರೈವರ್ ಕೂಡ ಅವರೇ.

“ನೀವು ಮಿಸ್ತ್ರಿಯವರ ಮಗಳಲ್ಲೇನ್ರಿ? ಸಿಂಧನೂರು ಕಾಲೇಜಿನ್ಯಾಗ ಕಲಸ್ತೀರಂತ ಕೇಳೀನಿ. ಅಂಗಡಿಯಂವ ಎರಡೂ ಒಂದ ಅಂತಾನ. ಎರಡೂ ಒಂದ ಆದ್ರ ರೇಟು ಯಾಕ ಬ್ಯಾರೆ? ಯಾವುದು ಖರೇ ಸಿಂಥೆಟಿಕ್, ನೋಡಿ ಹೇಳ್ರಿ. ಬ್ಯಾಡಾದ್ದನ್ನ ಸಂಜಿಕೆ ವಾಪಸ್ ಕೊಡ್ತೀನಿ.”

ನಾನು ಜೀಪು ಹತ್ತುವಾಗಲೇ ಅವರನ್ನು ಗುರುತಿಸಿದ್ದೆ. ಅವರು ನನ್ನನ್ನು ಗುರುತಿಸದಿದ್ದರೆ ಸಾಕು ಅಂದುಕೊಂಡಿದ್ದೆ. ಅವರ ಹೆಸರು ಅಮರೇಶಪ್ಪ.

ಮನೆಯ ಸಂಗತಿಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಎರಡು ವರ್ಷದಿಂದ ಈ ಅಂಕಣ ಓದುತ್ತಿರುವ ನಿಮಗೆ ನನ್ನ ತಂಗಿಯ ಹೆಸರೂ ಗೊತ್ತಿಲ್ಲ. ಅದು ಹಾಗೇ ಇರಲಿ ಎಂದು ನನ್ನ ಆಸೆ. ಈ ವಾರ ಮಾತ್ರ ಬರೆಯಲೇಬೇಕಾಗಿದೆ.

ಮೊದಲು ಡಬ್ಬಿಗಳ ವಿಷಯ ಮುಗಿಸುತ್ತೇನೆ.

ಬಂಗಾರದ ಡಬ್ಬಿಯ ಮುಂದೆ “ಸಿಂಥೆಟಿಕ್” ಎಂದು ಅಂಗೈ ಅಗಲದ ಇಂಗ್ಲಿಷ್ ಅಕ್ಷರಗಳು. ಅದರ ಕೆಳಗೆ, ಇರುವೆ ಸಾಲಿನಷ್ಟು ಸಣ್ಣದಾಗಿ, “ಬೇಸ್ಡ್”. ನೀಲಿ ಡಬ್ಬಿಯ ಮೇಲೂ “ಸಿಂಥೆಟಿಕ್”. ಅದರ ಕೆಳಗಿನ ಇರುವೆ ಸಾಲು “ಟೆಕ್ನಾಲಜಿ”. ಎರಡೂ ಪದಗಳ ಅರ್ಥ ಏನು? ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನನಗೂ ಗೊತ್ತಿಲ್ಲ. ಗೊತ್ತಾಗಬಾರದೆಂದೇ ಆ ಪದಗಳನ್ನು ಆರಿಸಿರುತ್ತಾರೆ.

ಸಿಂಥೆಟಿಕ್ ಎಣ್ಣೆ ಅಂದರೆ ನೆಲದಿಂದ ಬಂದದ್ದನ್ನು ಸೋಸಿ ಡಬ್ಬಿಗೆ ತುಂಬಿದ್ದಲ್ಲ. ಕಾರ್ಖಾನೆಯಲ್ಲಿ ಅಣುಗಳನ್ನು ಬೇಕಾದ ಅಳತೆಗೆ ಕಟ್ಟಿದ್ದು. ಸೋಸಿದ ಎಣ್ಣೆಯ ಅಣುಗಳು ಸಂತೆಯ ಜನರ ಹಾಗೆ. ದೊಡ್ಡವರು, ಸಣ್ಣವರು, ಗಿಡ್ಡರು, ಎಲ್ಲ ಸೇರಿ ನೂಕಾಟ. ಕಟ್ಟಿದ ಎಣ್ಣೆಯ ಅಣುಗಳು ಪಿ.ಟಿ. ಪೀರಿಯಡ್ಡಿನಲ್ಲಿ ಸಾಲು ನಿಂತ ಮಕ್ಕಳ ಹಾಗೆ. ಬಿಸಿಗೆ ಬೇಗ ಕೆಡುವುದಿಲ್ಲ. ಗುಣ ನಿಜವಾದದ್ದೇ. ಆದರೆ ನನ್ನ ತೊಡೆಯ ಮೇಲಿದ್ದ ಎರಡೂ ಡಬ್ಬಿಗಳಲ್ಲಿ ಅಂಥ ಎಣ್ಣೆ ಎಷ್ಟಿತ್ತು? ಅರ್ಧವೇ? ಒಂದು ಲೋಟವೇ? ಎರಡು ಡಬ್ಬಿಗಳೂ ಹೇಳುವುದಿಲ್ಲ. ಮೂಲೆಯಲ್ಲಿರುವ ಇಪ್ಪತ್ತು, ನಲವತ್ತು ಎಂಬ ಅಂಕಿಗಳು ಎರಡರಲ್ಲೂ ಒಂದೇ. ಎಣ್ಣೆ ತಣ್ಣಗಿದ್ದಾಗ ಎಷ್ಟು ಗಟ್ಟಿ, ಕಾದಾಗ ಎಷ್ಟು ಗಟ್ಟಿ ಎಂದು ಹೇಳುವ ಅಂಕಿಗಳು ಅವು. (ಸಿಂಧನೂರಿನಲ್ಲಿ ಎಣ್ಣೆ ತಣ್ಣಗಿರುವುದು ಯಾವಾಗ, ಅದು ಬೇರೆ ಪ್ರಶ್ನೆ.) ಅಂಗಡಿಯವನು ಹೇಳಿದ್ದು ಹೆಚ್ಚು ಕಡಿಮೆ ಸರಿ. ಹಾಗಾದರೆ ಬಂಗಾರದ ಬಣ್ಣ ಯಾಕೆ? ಬಣ್ಣಕ್ಕೆ ಯಾವ ಕಾಯಿದೆಯೂ ಇಲ್ಲ.

ಒಂದು ಮಾತು ಗಮನಿಸಿದ್ದೇನೆ. ಡಬ್ಬಿಯ ಮುಂಭಾಗ ಬರೆಯುವವನು ಮಾರುವವನು. ಹಿಂಬದಿ ಬರೆಯುವವನು ವಕೀಲ. ಹಿಂಬದಿಯಲ್ಲಿ ಮಾತ್ರ ನಿಜ ಇರುತ್ತದೆ, ಯಾಕೆಂದರೆ ಮುಂದೆ ಕೇಸು ಬಿದ್ದರೆ ತೋರಿಸಲು ಅದು ಬೇಕು.

ಇದನ್ನು ನಾನು ಕಲಿತದ್ದು ಯೂನಿವರ್ಸಿಟಿಯಲ್ಲಿ ಅಲ್ಲ.

ನನ್ನ ಅಪ್ಪ ಮಸ್ಕಿಯಲ್ಲಿ ಮೆಕ್ಯಾನಿಕ್. ಊರವರಿಗೆಲ್ಲ ಮಿಸ್ತ್ರಿ. ಲಿಂಗಸುಗೂರು ರಸ್ತೆಯಲ್ಲಿ ತಗಡಿನ ಗ್ಯಾರೇಜು, ಅದರ ಹಿಂದೆಯೇ ನಮ್ಮ ಮನೆ. ಅಪ್ಪನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಎಂಜಿನ್ನಿನಿಂದ ಎಣ್ಣೆ ಅಳೆಯುವ ಕಡ್ಡಿ ಎಳೆದು, ಅದರ ತುದಿಯ ಎಣ್ಣೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜುತ್ತಿದ್ದ. ಕಣ್ಣು ಬೇರೆ ಕಡೆ ಇರುತ್ತಿತ್ತು. ಆಮೇಲೆ ಮೂಸಿ ನೋಡುತ್ತಿದ್ದ. “ಇನ್ನೊಂದು ತಿಂಗಳ ನಡಿತೈತಿ” ಅಂದರೆ ತಿಂಗಳು ನಡೆಯುತ್ತಿತ್ತು. “ಇದಕ್ಕ ಸೀಮೆಎಣ್ಣಿ ಕೂಡಿಸ್ಯಾರ, ಎಲ್ಲಿ ತಂದಿ?” ಅಂದರೆ ಗಾಡಿಯವನು ತಲೆ ತಗ್ಗಿಸಿ ಅಂಗಡಿಯ ಹೆಸರು ಹೇಳುತ್ತಿದ್ದ. ಹಟ್ಟಿಯಿಂದಲೂ ಗಾಡಿಗಳು ಬರುತ್ತಿದ್ದವು, ಆ ಎರಡು ಬೆರಳುಗಳನ್ನು ನಂಬಿ.

ನಮ್ಮೂರಿನ ಶಾಸನದ ಬಂಡೆಯ ಮೇಲೆ ಬರೆದದ್ದನ್ನು ಓದಲು ಎಲ್ಲೆಲ್ಲಿಂದಲೋ ಪಂಡಿತರು ಬರುತ್ತಾರೆ. ಡಬ್ಬಿಯ ಮೇಲೆ ಬರೆದದ್ದನ್ನು ಓದಲು ಮನೆಯಲ್ಲಿ ನಾನೊಬ್ಬಳೇ ಇದ್ದೆ.

ನಾನಾಗ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಗುಲಬರ್ಗಾದಿಂದ ರಜೆಗೆ ಬಂದಿದ್ದೆ. ಅದಕ್ಕೂ ಒಂದು ತಿಂಗಳ ಹಿಂದೆ ರಾಯಚೂರಿನಿಂದ ಯಾವುದೋ ಕಂಪನಿಯ ಏಜೆಂಟ್ ವ್ಯಾನಿನಲ್ಲಿ ಬಂದು, ಗ್ಯಾರೇಜಿಗೊಂದರಂತೆ ಹೊಸ ಎಣ್ಣೆಯ ಡಬ್ಬಿ ಬಿಟ್ಟು ಹೋಗಿದ್ದ. ಸಿಂಥೆಟಿಕ್ ಎಂಬ ಪದ ಮಸ್ಕಿಗೆ ಬಂದದ್ದು ಆ ವ್ಯಾನಿನಲ್ಲಿ. ಮುಚ್ಚಳದೊಳಗೆ ಒಂದು ಕೂಪನ್. ಅಂಥ ಹತ್ತು ಕೂಪನ್ ಕೂಡಿಸಿ ಕಳಿಸಿದರೆ ಮೆಕ್ಯಾನಿಕ್ಕಿಗೆ ಒಂದು ಹಾಟ್‌ಬಾಕ್ಸ್. ಎಣ್ಣೆ ಕೊಳ್ಳುವವನು ಗಾಡಿಯವನು, ಬಹುಮಾನ ಮಾತ್ರ ಮೆಕ್ಯಾನಿಕ್ಕಿಗೆ! ಅಪ್ಪ ಆ ಡಬ್ಬಿಯನ್ನು ಕಪಾಟಿನ ಮೇಲಿಟ್ಟು ಸುಮ್ಮನಿದ್ದ.

ಒಂದು ಬೆಳಿಗ್ಗೆ ಅಮರೇಶಪ್ಪ ಎಣ್ಣೆ ಬದಲಿಸಲು ಜೀಪು ತಂದರು. ಅದು ಅವರ ಹಳೆಯ ಜೀಪು. ವರ್ಷಗಟ್ಟಲೆ ಬ್ಯಾರಲ್ಲಿನ ಬಿಡಿ ಎಣ್ಣೆ ಕುಡಿದೇ ಓಡಿದ ಗಾಡಿ. ಹಟ್ಟಿಯ ಗಣಿಗೆ ಬೆಳಗಿನ ಶಿಫ್ಟಿಗೆ ಹೋಗುವ ಎಂಟು ಜನರನ್ನು ದಿನಾ ಮುಟ್ಟಿಸುತ್ತಿದ್ದರು. ಅದೇ ಅವರ ಗಟ್ಟಿ ಬಾಡಿಗೆ. “ನೀ ಯಾವುದು ಹಾಕಿದ್ರೂ ಸೈ ಮಿಸ್ತ್ರಿ” ಎಂದು ಹೇಳಿ ಚಹಾ ಕುಡಿಯಲು ಹೋದರು.

ಅಪ್ಪ ಹೊಸ ಡಬ್ಬಿ ಇಳಿಸಿ ಮುಚ್ಚಳ ತೆಗೆದ. ಒಂದು ಹನಿ ಬೆರಳಿಗೆ ಹಚ್ಚಿ ಉಜ್ಜಿದ. ಮತ್ತೆ ಉಜ್ಜಿದ. ಮುಖ ಗಂಟಿಕ್ಕಿತು. ಆಮೇಲೆ ನನ್ನನ್ನು ಕರೆದ.

“ಯವ್ವಾ, ಇಲ್ಲಿ ಬಾ. ಏನು ಬರದಾರ ಓದು.”

ನಾನು ಮುಂಭಾಗವನ್ನು ಓದಿದೆ. ಬರೀ ಓದಲಿಲ್ಲ, ಪಾಠ ಮಾಡಿದೆ. ಎರಡು ವರ್ಷ ಹಾಸ್ಟೆಲ್ಲಿನಲ್ಲಿದ್ದು ಓದಿದ್ದು ಅಪ್ಪನ ಕೆಲಸಕ್ಕೆ ಬಂದ ಮೊದಲ ದಿನ ಅದು. ಇದು ಎಂಜಿನ್ನಿನ ಒಳಗಿನ ಹೊಲಸನ್ನೆಲ್ಲ ತೊಳೆಯುತ್ತದೆ ಅಂದೆ. ಅಪ್ಪ ಬೆರಳಿನ ಎಣ್ಣೆಯನ್ನು ಮೂಸಿ ನೋಡಿ ಕೇಳಿದ.

“ತೊಳದ ಹೊಲಸು ಎಲ್ಲಿಗೆ ಹೋಗ್ತೈತಿ?”

ಎಣ್ಣೆಯಲ್ಲೇ ತೇಲುತ್ತಿರುತ್ತದೆ, ಮುಂದಿನ ಸಲ ಎಣ್ಣೆ ಬದಲಿಸುವಾಗ ಹೊರಗೆ ಬರುತ್ತದೆ ಅಂದೆ. ಪುಸ್ತಕದಲ್ಲಿ ಹಾಗೇ ಇತ್ತು. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು.

“ಬಾಳ ಹಳೇ ಗಾಡಿ ಐತವ್ವ ಇದು” ಅಂದ. ಹಳೆಯದಕ್ಕೇ ಇದು ಹೆಚ್ಚು ಬೇಕು ಅಂದೆ. ಅವನು ಬೆರಳುಗಳನ್ನು ಇನ್ನೊಮ್ಮೆ ನೋಡಿಕೊಂಡು, ಚಿಂದಿಗೆ ಒರೆಸಿಕೊಂಡ.

“ನೀ ಓದಿದಾಕಿ. ನಿನಗ ಗೊತ್ತಿರ್ತೈತಿ.”

ನಾನು ಡಬ್ಬಿಯ ಹಿಂಬದಿ ತಿರುಗಿಸಲಿಲ್ಲ. ಯಾಕೆ? ಹೊತ್ತಿರಲಿಲ್ಲವೇ? ಬೇಕಾದಷ್ಟಿತ್ತು. ಅಪ್ಪ ಆಗಲೇ ನನ್ನನ್ನು ನಂಬಿದ್ದ. ಆ ನಂಬಿಕೆ ನನಗೆ ಎಷ್ಟು ಹಿತವಾಗಿತ್ತೆಂದರೆ, ಇನ್ನೇನೂ ಓದಬೇಕು ಅನ್ನಿಸಲಿಲ್ಲ.

ಎಣ್ಣೆ ಹಾಕಿದ ಮೇಲೆ ಅಪ್ಪ ಆ ಕೂಪನ್ನನ್ನು ನನಗೆ ಕೊಟ್ಟ. ನಮ್ಮ ಮನೆಗೆ ಹಾಟ್‌ಬಾಕ್ಸ್ ಯಾಕೆ, ಪುಸ್ತಕದಲ್ಲಿ ಗುರುತಿಗೆ ಇಟ್ಟುಕೋ ಅಂದ. ಹಾಗೇ ಇಟ್ಟುಕೊಂಡೆ.

ಹನ್ನೊಂದನೆಯ ದಿನ ಜೀಪು ನಿಂತಿತು. ಲಿಂಗಸುಗೂರಿಗೆ ಇನ್ನೂ ಅರ್ಧ ದಾರಿ ಇರುವಾಗ ಎಂಜಿನ್ ಒಂದು ಸಲ ಕೆಟ್ಟದಾಗಿ ಕಿರುಚಿ, ಜಾಮ್ ಆಯಿತಂತೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಅಪ್ಪ ಕೆಳಗೆ ಮಲಗಿ ಎಣ್ಣೆಯ ತಟ್ಟೆ ಬಿಚ್ಚಿದ. ಎಣ್ಣೆ ಎಳೆದುಕೊಳ್ಳುವ ಕೊಳವೆಯ ಬಾಯಿಗೆ ಒಂದು ಜಾಲರಿ ಇರುತ್ತದೆ. ಅದರ ತುಂಬ ಕಪ್ಪು ರಾಡಿ, ಹುಣಸೆಹಣ್ಣು ಕಿವುಚಿ ಮೆತ್ತಿದ ಹಾಗೆ. ವರ್ಷಗಳ ಹೊಲಸು ಹನ್ನೊಂದೇ ದಿನದಲ್ಲಿ ಕಿತ್ತು ಬಂದು ಅಲ್ಲಿ ಕೂತಿತ್ತು. ಮೇಲೆ ಬೇರಿಂಗುಗಳಿಗೆ ಎಣ್ಣೆಯೇ ಹೋಗಿರಲಿಲ್ಲ.

ತೊಳೆದ ಹೊಲಸು ಎಲ್ಲಿಗೆ ಹೋಗುತ್ತದೆ? ಅಲ್ಲಿಗೆ ಹೋಗಿತ್ತು.

ಅಮರೇಶಪ್ಪ ಗ್ಯಾರೇಜಿನ ನಡುವೆ ನಿಂತು, ಯಾವ ಎಣ್ಣೆ ಹಾಕಿದಿ, ಯಾರನ್ನು ಕೇಳಿ ಹಾಕಿದಿ ಎಂದು ಕೇಳುತ್ತಿದ್ದರು. ನಾನು ಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಜಾಲರಿ ಹಿಡಿದುಕೊಂಡೇ ನನ್ನ ಕಡೆ ನೋಡಿದ.

“ನೀ ಒಳಗ ಹೋಗವ್ವ. ಚಾ ಇಡು.”

ನಾನು ಒಳಗೆ ಹೋದೆ. ಚಹಾ ಇಟ್ಟೆ. ಸ್ಟೋವಿನ ಸದ್ದಿನ ಮೇಲೆ ಅಪ್ಪನ ದನಿ ಕೇಳಿತು.

“ತಪ್ಪು ನಂದ ಅಮರೇಶಪ್ಪ. ನಾನ ಹಾಕೀನಿ.”

ಮರುದಿನ, ಬೆಂಚಿನ ಕೆಳಗೆ ಬಿದ್ದಿದ್ದ ಖಾಲಿ ಡಬ್ಬಿಯನ್ನು ಎತ್ತಿ ಹಿಂಬದಿ ತಿರುಗಿಸಿದೆ. ಕೆಳಗಿನಿಂದ ಮೂರನೆಯ ಸಾಲು. ಬೇರೆ ಎಣ್ಣೆಯಲ್ಲಿ ಓಡಿದ ಹಳೆಯ ಎಂಜಿನ್ನಿಗೆ ಮೊದಲ ಸಲ ಹಾಕುವಾಗ, ಮೊದಲು ಎಂಜಿನ್ ತೊಳೆಸಿ. ಐನೂರು ಕಿಲೋಮೀಟರಿಗೆ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ಅಪ್ಪ ಕೇಳಿದ ಪ್ರಶ್ನೆಗೆ ಕಂಪನಿ ಉತ್ತರ ಬರೆದೇ ಇಟ್ಟಿತ್ತು.

ಆ ಸಾಲನ್ನು ನಾನು ಅಪ್ಪನಿಗೆ ಓದಿ ಹೇಳಲಿಲ್ಲ. ಡಬ್ಬಿಯನ್ನು ಬೆಂಚಿನ ಕೆಳಗೆ, ಮೊದಲಿಗಿಂತ ಸ್ವಲ್ಪ ಒಳಗೆ ತಳ್ಳಿ, ರಜೆ ಮುಗಿಸಿ ಗುಲಬರ್ಗಾಕ್ಕೆ ಹೋದೆ.

ಅಪ್ಪ ಒಂದೂವರೆ ತಿಂಗಳು ಕೂತು ಆ ಎಂಜಿನ್ ಕಟ್ಟಿಕೊಟ್ಟ. ಮಜೂರಿ ಮುಟ್ಟಲಿಲ್ಲ. ಅದೇ ಅವನಿಗೆ ಮುಳುವಾಯಿತು. ತಪ್ಪಿಲ್ಲದವನು ಪುಕ್ಕಟೆ ಯಾಕೆ ಮಾಡಿಕೊಡುತ್ತಾನೆ ಎಂದು ಜನ ಕೇಳಿದರು. ಹಟ್ಟಿಯ ಎಂಟು ಜನ ಅಷ್ಟರಲ್ಲಿ ಬೇರೆ ಜೀಪು ಹಿಡಿದಿದ್ದರು. ಗಟ್ಟಿ ಬಾಡಿಗೆ ಕಳೆದುಕೊಂಡ ಮನುಷ್ಯ ಸುಮ್ಮನಿರುತ್ತಾನೆಯೇ? ಮಿಸ್ತ್ರಿ ಕೂಪನ್ನಿನ ಆಸೆಗೆ ಗೊತ್ತಿಲ್ಲದ ಎಣ್ಣೆ ಹಾಕಿದ ಎಂಬ ಮಾತು ಚಹಾದಂಗಡಿಯಿಂದ ಬಸ್ ಸ್ಟ್ಯಾಂಡಿಗೆ, ಅಲ್ಲಿಂದ ಮೂರು ತಾಲ್ಲೂಕಿಗೆ ಹೋಯಿತು.

ಗಾಡಿಗಳು ಆಮೇಲೂ ಬಂದವು. ನಮ್ಮ ಕಡೆಯ ಜನ ಅಷ್ಟು ಕಠೋರರಲ್ಲ. ಆದರೆ ಒಂದು ಹೊಸ ರೂಢಿ ಶುರುವಾಯಿತು. ಪ್ರತಿಯೊಬ್ಬರೂ ಎಣ್ಣೆಯ ಡಬ್ಬಿಯನ್ನು ತಾವೇ ತಂದು, ಅಪ್ಪನ ಎದುರಿಗೇ ಮುಚ್ಚಳ ತೆಗೆದು, ಕೂಪನ್ನನ್ನು ಬಿಡಿಸಿ ತಮ್ಮ ಜೇಬಿಗೆ ಹಾಕಿಕೊಂಡು, ಆಮೇಲೆ ಡಬ್ಬಿ ಅಪ್ಪನ ಕೈಗೆ ಕೊಡುತ್ತಿದ್ದರು. ವಯಸ್ಸಿನಲ್ಲಿ ಸಣ್ಣವರೂ ಹಾಗೆ ಮಾಡಿದರು. ಕೆಲವರು ನಗುತ್ತ, “ಹಾಟ್‌ಬಾಕ್ಸ್ ಎಷ್ಟಾದವು ಮಿಸ್ತ್ರಿ?” ಎಂದು ಕೇಳುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಅದನ್ನು ನಾನು ಮುಂದಿನ ರಜೆಯಲ್ಲಿ ಕಣ್ಣಾರೆ ನೋಡಿದೆ. ಇನ್ನೊಂದನ್ನೂ ನೋಡಿದೆ. ಅಪ್ಪ ಎಣ್ಣೆಯನ್ನು ಬೆರಳಿಗೆ ಹಚ್ಚುವುದನ್ನು ಬಿಟ್ಟಿದ್ದ. ಕಡ್ಡಿ ಎಳೆದು ಚಿಂದಿಗೆ ಒರೆಸಿ, “ನೀವ ಹೇಳ್ರಿ, ಬದಲಿ ಮಾಡಬೇಕೇನು?” ಎಂದು ಗಾಡಿಯವರನ್ನೇ ಕೇಳುತ್ತಿದ್ದ.

ಹಿಂಬದಿಯ ಆ ಒಂದು ಸಾಲನ್ನು ಓದಿ ಹೇಳಿದ್ದರೆ? ನಿನ್ನ ಅನುಮಾನವೇ ಸರಿಯಿತ್ತು, ತಪ್ಪಿದ್ದು ನನ್ನ ಓದು ಎಂದು ಅವನಿಗೆ ತಿಳಿಯುತ್ತಿತ್ತು. ಪ್ರತಿ ರಜೆಯಲ್ಲೂ ಹೇಳಬೇಕೆಂದು ಬಂದೆ. ಪ್ರತಿ ಸಲವೂ ಊಟಕ್ಕೆ ಕೂತಾಗ ಮಾತು ಬೇರೆಯಾಯಿತು. ಕೆಲಸ ಸಿಕ್ಕ ದಿನವೂ ಹೇಳಲಿಲ್ಲ. ಹೋದ ವರ್ಷ ಅಪ್ಪ ತೀರಿಕೊಂಡ.

ಈಗ ಜೀಪಿಗೆ ವಾಪಸ್ ಬರುತ್ತೇನೆ.

ಅಂದು ಡಬ್ಬಿ ತೊಡೆಗೆ ಬಂದೊಡನೆ ನಾನು ಮೊದಲು ಹಿಂಬದಿ ತಿರುಗಿಸಿದೆ. ಎರಡರ ಮೇಲೂ ಆ ಸಾಲು ಇತ್ತು. ಹಿಂದಿನ ಸೀಟಿನ ಮುದುಕಿಯೊಬ್ಬಳು, “ಎಣ್ಣಿ ಪಾಠ ಆಮ್ಯಾಲೆ ನಡಸಪ್ಪ, ಮೊದಲ ಗಾಡಿ ಬಿಡು” ಅಂದಳು. ಎಲ್ಲರೂ ನಕ್ಕರು. ಅಮರೇಶಪ್ಪ ಗಾಡಿ ಬಿಟ್ಟರು. ಊರು ದಾಟಿದ ಮೇಲೆ, ರಸ್ತೆ ನೋಡುತ್ತಲೇ, ಮೆತ್ತಗೆ ಹೇಳಿದರು.

“ನಿಮ್ಮಪ್ಪಾರು ಚಲೋ ಮನುಷ್ಯರ್ರಿ. ಕೂಪನ್ನಿನ ಆಸೆಗೆ ಒಂದು ತಪ್ಪಾತು. ಇರ್ಲಿ, ಯಾರ ಕೈಯಾಗ ತಪ್ಪಾಗಂಗಿಲ್ಲ?”

ಅದು ಕ್ಷಮೆಯ ಮಾತು. ನನಗೆ ಬೈಗುಳವಾಗಿದ್ದರೆ ಸುಲಭವಿತ್ತು.

“ಕಾಕಾ, ಆ ಎಣ್ಣಿ ಹಾಕು ಅಂದಾಕಿ ನಾನು” ಅಂದೆ. “ಅಪ್ಪ ಹಳೇ ಗಾಡಿ ಅಂತ ಹಿಂದ ಮುಂದ ನೋಡಿದ. ನಾನು ಓದಿ ಹೇಳಿದೆ. ಅರ್ಧ ಅಷ್ಟ ಓದಿದ್ದೆ. ಕೂಪನ್ ನನ್ನ ಪುಸ್ತಕದಾಗ ಐತಿ, ಯಾರೂ ಕಳಿಸಿಲ್ಲ.”

ಇಷ್ಟು ವರ್ಷ ಬಾಯಿಗೆ ಬಾರದ ಐದು ವಾಕ್ಯಗಳು. ಹೇಳಿದ ಮೇಲೆ ಡಬ್ಬಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅಮರೇಶಪ್ಪ ಗೇರು ಇಳಿಸಿ ಜೀಪನ್ನು ನಿಧಾನ ಮಾಡಿದರು. ಆಮೇಲೆ ತಲೆ ಅಲ್ಲಾಡಿಸಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಕಣ್ಣು ತೇವವಾಗಿತ್ತು.

“ನೋಡ್ರೆಪಾ” ಎಂದು ಹಿಂದಿನವರಿಗೆ ಕೇಳುವ ಹಾಗೆ ಹೇಳಿದರು, “ಮಗಳು ಅಂದ್ರ ಇಂಥಾಕಿ ಇರಬೇಕು. ಸತ್ತ ಅಪ್ಪನ ತಪ್ಪು ತನ್ನ ತಲಿಮ್ಯಾಲೆ ಹಾಕ್ಕೊಳ್ಳಾಕತ್ಯಾಳ.”

ಹಿಂದಿನಿಂದ ಹೌದು ಹೌದು ಎಂಬ ಸದ್ದು ಬಂತು. ಮುದುಕಿ ಕೈ ಚಾಚಿ ನನ್ನ ತಲೆ ಸವರಿ ನೆಟಿಗೆ ಮುರಿದಳು. ನಾನು, ಇಲ್ಲ, ಇದು ನಿಜ ಅಂದೆ. ಅಮರೇಶಪ್ಪ ಎಡಗೈ ಎತ್ತಿ, ಇರಲಿ ಬಿಡು ತಂಗಿ, ನನಗೆ ತಿಳಿಯುತ್ತದೆ ಅಂದರು. ಇನ್ನೊಮ್ಮೆ ಹೇಳಿದೆ. ಹೇಳಿದಷ್ಟೂ ನಾನು ಒಳ್ಳೆಯವಳಾಗುತ್ತ ಹೋದೆ. ಅಪ್ಪ ಮಾತ್ರ ಇದ್ದಲ್ಲೇ ಇದ್ದ.

ಲಿಂಗಸುಗೂರಿನಲ್ಲಿ ಇಳಿಯುವಾಗ ಅವರು ಮತ್ತೆ ಕೇಳಿದರು, ಯಾವುದು ಹಾಕಲಿ? ಈ ಜೀಪೂ ಸೆಕೆಂಡ್ ಹ್ಯಾಂಡ್. ಯಾವುದಾದರೂ ಒಂದೇ, ಆದರೆ ಮೊದಲು ಎಂಜಿನ್ ತೊಳೆಸಿ, ಐನೂರು ಕಿಲೋಮೀಟರಿಗೆ ಎಣ್ಣೆ ಬದಲಿಸಿ ಅಂದೆ. ಅವರಿಗೆ ಹಿಡಿಸಲಿಲ್ಲ. ಇಷ್ಟು ಬೇಗ ಯಾಕೆ, ಅಂಗಡಿಯವನು ಹಾಗೆ ಹೇಳಲಿಲ್ಲವಲ್ಲ ಅಂದರು. ನಾನು ಹಿಂಬದಿಯ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಪದ ಓದಿ ಹೇಳಿದೆ. ಇಂಗ್ಲಿಷ್ ಬಾರದಿದ್ದರೂ ಅವರು ಬಗ್ಗಿ ಆ ಅಕ್ಷರಗಳನ್ನು ನೋಡಿದರು.

“ಛಾಪಾ ಮಾಡ್ಯಾರಲ್ಲ. ಹಂಗಾರ ಖರೇನ ಐತಿ” ಅಂದರು.

ಸೋಮವಾರ ಪಾಠ ಮಾಡುವಾಗಲೂ ಆ ಮಾತು ಕಿವಿಯಲ್ಲೇ ಇತ್ತು. ಸಿಂಧನೂರಿನ ನನ್ನ ರೂಮಿನಲ್ಲಿ ಈಗ ಆ ಕೂಪನ್ ಮೇಜಿನ ಮೇಲಿದೆ. ಹಾಟ್‌ಬಾಕ್ಸಿನ ಚಿತ್ರ ಮಾಸಿದೆ. ಇದನ್ನು ತೋರಿಸಿದರೂ ಯಾರೂ ನಂಬುವುದಿಲ್ಲ. ಮಗಳು ಜೋಪಾನ ಮಾಡಿದ್ದಾಳೆ ಎಂದು ಇನ್ನಷ್ಟು ಹೊಗಳುತ್ತಾರೆ.

ಬಾಯಿಮಾತನ್ನು ನಂಬದ ಅಮರೇಶಪ್ಪ ಅಚ್ಚಾದದ್ದನ್ನು ನಂಬುತ್ತಾರೆ. ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅವರ ಹೆಸರನ್ನು ಬದಲಿಸಿಲ್ಲ. ಬದಲಿಸಿದರೆ ಬರೆದು ಪ್ರಯೋಜನವಿಲ್ಲ. ಈ ಪತ್ರಿಕೆ ಬೆಳಗಿನ ಬಸ್ಸಿಗೆ ಲಿಂಗಸುಗೂರು ಮುಟ್ಟುತ್ತದೆ. ಜೀಪ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಹತ್ತು ಜನ ಕೇಳುತ್ತಾರೆ. ಅಮರೇಶಪ್ಪನವರಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಬಹಳ ಹೊತ್ತು ಬೇಕು.

ನಿಮ್ಮಲ್ಲಿ ಯಾರಾದರೂ ಇದನ್ನು ಅವರಿಗೆ, ಅರ್ಧಕ್ಕೆ ನಿಲ್ಲಿಸದೆ, ಓದಿ ಹೇಳುತ್ತೀರಾ?